ಮೇಣದಜ್ಜರ ಗುಡ್ಡ

ಅಂಕಲೆಗಟ್ಟದ ಪಡುವಣ ದಿಕ್ಕಿನಲ್ಲಿ, ಊರ ಕೊನೆಯ ಹುಣಸೆಮರ ದಾಟಿ ಎರಡು ಹೊಲದಾಚೆ ತಲೆಯೆತ್ತಿರುವ ಗುಡ್ಡಕ್ಕೆ ಮೇಣದಜ್ಜರ ಗುಡ್ಡ ಎಂದು ಹೆಸರು. ಎತ್ತರದ ಮಾತಿಗೆ ಬಂದರೆ ಇದು ಅಂಥ ದೊಡ್ಡ ಗುಡ್ಡವಲ್ಲ. ನೆರೆಯ ಹಳ್ಳಿಯವರು ತಮ್ಮ ಗುಡ್ಡ ನಮ್ಮದಕ್ಕಿಂತ ನಲವತ್ತು ಆಳೆತ್ತರ ಹೆಚ್ಚು ಎಂದು ಸಂತೆಯಲ್ಲಿ ಹೇಳಿಕೊಂಡು ತಿರುಗುತ್ತಾರೆ, ತಿರುಗಲಿ. ಅವರ ಗುಡ್ಡದ ನೆತ್ತಿಯಲ್ಲಿರುವುದು ಪಾಪಾಸುಕಳ್ಳಿ, ಮತ್ತೆ ಅದನ್ನು ಮೇಯಲು ಹೋಗಿ ಬಾಯಿ ಚುಚ್ಚಿಸಿಕೊಂಡ ಮೇಕೆ. ನಮ್ಮ ಗುಡ್ಡದ ನೆತ್ತಿಯಲ್ಲಿ ನಾಲ್ಕು ಕಂಬದ ಕಲ್ಲುಮಂಟಪವಿದೆ. ಮಂಟಪದ ಹಿಂಗೋಡೆಗೆ ಒತ್ತಿಕೊಂಡು ಉದ್ದನೆಯ ಹಾಸುಗಲ್ಲಿದೆ. ಅದರ ಮೇಲೆ ಏಳು ಮರದ ಮುಖಗಳು ಸಾಲಾಗಿ ಕೂತು ದೂರದ ಕಡಲಿನ ಕಡೆಗೆ ನೋಡುತ್ತಿವೆ. ಏಳಕ್ಕೂ ಮೂಗು ದೊಡ್ಡದು, ಏಳಕ್ಕೂ ಮೀಸೆ ಅದಕ್ಕಿಂತ ದೊಡ್ಡದು. ಇವು ದೇವರಲ್ಲ, ಆದರೂ ಚಪ್ಪಲಿ ಹೊರಗೆ ಬಿಡಬೇಕು. ಬಾಗಿಲಿಲ್ಲ, ಬೀಗವಿಲ್ಲ, ಕದ್ದವರೂ ಇಲ್ಲ. ಹೊಸದಾಗಿ ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಮರದ ಮುಖಗಳಿಗೆ ಮೇಣದಜ್ಜರು ಎನ್ನುವುದು ಯಾಕೆ? ಇದಕ್ಕೆ ಉತ್ತರ ಹೇಳಬಲ್ಲ ಊರುಗಳು ಭೂಮಿಯ ಮೇಲೆ ಎರಡೇ. ಒಂದು ರೋಮಾಪುರಿ, ಇನ್ನೊಂದು ಅಂಕಲೆಗಟ್ಟ. ರೋಮಾಪುರಿಯವರು ಮರೆತಿದ್ದಾರೆ.

ಹಿಂದೆ ಒಮ್ಮೆ, ಬನವಾಸಿಯ ಕಡೆಯಿಂದ ಮೂಡಲಸೀಮೆಗೆ ಹೋಗುವ ಗಾಡಿದಾರಿ ನಮ್ಮೂರ ಮುಂದೆಯೇ ಹಾದು ಹೋಗುತ್ತಿದ್ದ ಕಾಲದಲ್ಲಿ, ಕಡಲಾಚೆಯ ಯವನರು ಮೆಣಸನ್ನೂ ಪಚ್ಚೆಕಲ್ಲನ್ನೂ ಅರಸಿಕೊಂಡು ಈ ದಾರಿಯಲ್ಲಿ ಓಡಾಡುತ್ತಿದ್ದರು ಎನ್ನುತ್ತಾರೆ. ಅಂಥ ಒಂದು ಬೇಸಗೆಯಲ್ಲಿ ಆರು ಗಾಡಿಗಳ ಸಾಲೊಂದು ಬಂದು ಊರ ಮುಂದೆ ನಿಂತಿತು. ಮೊದಲ ಗಾಡಿಯಲ್ಲಿ ಜ್ವರದಿಂದ ಕೆಂಡವಾಗಿದ್ದ ಮುದುಕನೊಬ್ಬ ಮಲಗಿದ್ದ. ಅವನ ಹೆಸರು ಔಲಸ್; ರೋಮಾಪುರಿಯ ಕಲ್ವೇನಿಯ ಎಂಬ ಹಳೆಯ ಮನೆತನದ ಯಜಮಾನ. ಪಕ್ಕದಲ್ಲಿ ನೊಣ ಓಡಿಸುತ್ತ ಕೂತಿದ್ದವನು ಅವನ ಒಬ್ಬನೇ ಮಗ ಕೈಸೋ, ಇಪ್ಪತ್ತೈದರ ಹರೆಯದವ. ತಂದೆ ಮಗ ಹನ್ನೆರಡು ವರ್ಷದಿಂದ ಕರಾವಳಿಯಲ್ಲೇ ಮನೆ ಮಾಡಿಕೊಂಡಿದ್ದವರು, ಹಾಗಾಗಿ ನಮ್ಮ ಮಾತು ಅವರ ನಾಲಗೆಗೆ ಚೆನ್ನಾಗಿಯೇ ಹತ್ತಿತ್ತು. ಜ್ವರದ ಮುದುಕನನ್ನು ಮುಂದೆ ಸಾಗಿಸಿದರೆ ದಾರಿಯಲ್ಲೇ ಹೂಳಬೇಕಾದೀತು ಎಂದು ಗಾಡಿಯವರು ಕೈಚೆಲ್ಲಿದಾಗ, ಊರಿನ ಗೌಡತಿ ಚಾಕಬ್ಬೆ ಅವರನ್ನು ತನ್ನ ಮನೆಗೆ ಇಳಿಸಿಕೊಂಡಳು. ಗಂಡ ತೀರಿದ ಮೇಲೆ ಮನೆಯನ್ನೂ ಊರನ್ನೂ ಒಂದೇ ಗದರಿಕೆಯಲ್ಲಿ ನಡೆಸುತ್ತಿದ್ದ ಹೆಂಗಸು ಆಕೆ. ಬಂದವರು ಯಾರು, ಯಾವ ಕುಲ, ಎಷ್ಟು ದಿನ ಇರುತ್ತಾರೆ ಎಂದು ಒಂದು ಮಾತೂ ಕೇಳಲಿಲ್ಲ. ಗಂಜಿಗೆ ಉಪ್ಪು ಎಷ್ಟು ಬೇಕು ಎಂದಷ್ಟೇ ಕೇಳಿದಳು. ಈ ಗುಣ ಅಂಕಲೆಗಟ್ಟದ ಮಣ್ಣಿನಲ್ಲೇ ಇದೆ, ಬೇರೆ ಊರವರು ಬೇಕಾದರೆ ಬಂದು ಕಲಿಯಬಹುದು.

ಗಾಡಿಯ ಸಾಮಾನು ಇಳಿಸುವಾಗ ಎಲ್ಲಕ್ಕಿಂತ ಮೇಲೆ ಹಗ್ಗ ಬಿಗಿದು ಕೂರಿಸಿದ್ದ ಕರಿಮರದ ಪೆಟ್ಟಿಗೆಯೊಂದು ಊರವರ ಕಣ್ಣಿಗೆ ಬಿತ್ತು. ಅದರಲ್ಲಿದ್ದುದು ಕಲ್ವೇನಿಯ ಮನೆತನದ ಪ್ರಾಣ. ರೋಮಾಪುರಿಯ ದೊಡ್ಡ ಮನೆತನಗಳಲ್ಲಿ ಒಂದು ಪದ್ಧತಿ ಇತ್ತಂತೆ. ವಂಶದಲ್ಲಿ ಯಾರು ದೊಡ್ಡ ಅಧಿಕಾರ ನಡೆಸಿ ಬಾಳುತ್ತಾರೋ ಅವರ ಮುಖವನ್ನು ಮೇಣದಲ್ಲಿ ತದ್ರೂಪು ಎತ್ತಿ, ಮನೆಯ ಮುಂದಿನ ಅಂಗಳದ ಗೂಡುಗಳಲ್ಲಿ ಇಡುತ್ತಿದ್ದರು. ಹಬ್ಬದ ದಿನ ಗೂಡಿನ ಬಾಗಿಲು ತೆಗೆದು ತೋರಿಸುತ್ತಿದ್ದರು. ಮನೆಯಲ್ಲಿ ಯಾರಾದರೂ ತೀರಿದರೆ, ಆಯಾ ಹಿರಿಯನ ಎತ್ತರ, ನಡಿಗೆಗೆ ಹೊಂದುವ ಆಳುಗಳು ಆ ಮುಖಗಳನ್ನು ತೊಟ್ಟು ಚಟ್ಟದ ಮುಂದೆ ನಡೆಯುತ್ತಿದ್ದರು. ಸತ್ತವನು ಒಂಟಿಯಾಗಿ ಹೋಗಬಾರದು, ತಾತ ಮುತ್ತಾತಂದಿರೇ ಬಂದು ಕರೆದುಕೊಂಡು ಹೋಗಬೇಕು ಎಂಬುದು ಅದರ ಅರ್ಥ. ಮುಖಗಳಿಲ್ಲದ ಮನೆಯವನು ಅಲ್ಲಿ ಎಷ್ಟು ದುಡ್ಡಿದ್ದರೂ ನಿನ್ನೆ ಮೊನ್ನೆ ಹುಟ್ಟಿದವನೇ. ಕಲ್ವೇನಿಯರಿಗೆ ಅಂಥ ಏಳು ಮುಖಗಳಿದ್ದವು. ದೊರೆಯ ಕೆಂಗಣ್ಣಿಗೆ ಬಿದ್ದು ಹೊಲ ಹೋಯಿತು, ಮನೆ ಹೋಯಿತು, ಹಡಗು ಹತ್ತಿ ವ್ಯಾಪಾರಕ್ಕೆ ಇಳಿಯುವ ಗತಿ ಬಂತು. ಔಲಸ್ ಎಲ್ಲವನ್ನೂ ಬಿಟ್ಟು ಈ ಏಳು ಮುಖಗಳನ್ನು ಮಾತ್ರ ಎದೆಗವಚಿಕೊಂಡು ಬಂದಿದ್ದ. ಅವುಗಳ ಮೇಲೆ ಬೇರೆ ಯಾವ ಸಾಮಾನನ್ನೂ ಇಡಬಾರದು ಎಂಬುದು ಅವನ ಕಟ್ಟಪ್ಪಣೆ. ಹಿರಿಯರ ತಲೆಯ ಮೇಲೆ ಅಕ್ಕಿಮೂಟೆ ಇಡುವುದುಂಟೆ? ಹೀಗೆ ಅಕ್ಕಿ, ಉಪ್ಪು, ಹಗ್ಗ, ಗುದ್ದಲಿ ಎಲ್ಲವೂ ಗಾಡಿಯ ತಳದ ನೆರಳಲ್ಲಿ ತಣ್ಣಗೆ ಬಂದವು. ಹಿರಿಯರು ಮಾತ್ರ ಇಪ್ಪತ್ತೆರಡು ದಿನ, ಬಯಲುಸೀಮೆಯ ಚೈತ್ರದ ಬಿಸಿಲಲ್ಲಿ, ಎಲ್ಲರಿಗಿಂತ ಮೇಲೆ ಕೂತು ಬಂದರು.

ಪೆಟ್ಟಿಗೆಯನ್ನು ಒಳಗೆ ಹೊರುವಾಗ ಕೈಸೋನಿಗೆ ಏನೋ ಅನುಮಾನ ಬಂತು. ಏಳು ಹಗುರ ಮುಖಗಳು ಅಲುಗಾಡುವ ಸದ್ದಿನ ಬದಲು ಒಂದೇ ಒಂದು ಭಾರದ ವಸ್ತು ಧಡ್ಡೆಂದು ಆ ಬದಿಯಿಂದ ಈ ಬದಿಗೆ ಜಾರಿತು. ತಂದೆ ನಿದ್ದೆಹೋದ ಮೇಲೆ ದನದ ಕೊಟ್ಟಿಗೆಯ ಹಿಂದೆ ಹೋಗಿ ಮುಚ್ಚಳ ತೆಗೆದ. ಒಳಗೆ ಮುಖಗಳಿರಲಿಲ್ಲ. ಕಂದುಬಣ್ಣದ ಒಂದು ದೊಡ್ಡ ಗಡ್ಡೆ ಇತ್ತು. ಅದರ ಒಂದು ಮೂಲೆಯಲ್ಲಿ ಒಂದು ಕಿವಿ, ಇನ್ನೊಂದು ಮೂಲೆಯಲ್ಲಿ ಅರ್ಧ ಮೂಗು. ಕೈಸೋ ಅಲ್ಲೇ ಸೆಗಣಿಯ ಪಕ್ಕದಲ್ಲಿ ಕುಸಿದು ಕೂತ. ಹುಲ್ಲು ಹಾಕಲು ಬಂದ ಚಾಕಬ್ಬೆ ಇಣುಕಿ ನೋಡಿದಳು.

“ಏನಪ್ಪ ಅದು, ಬೆಲ್ಲ ಕೆಟ್ಟೋಗಿದ್ಯಾ?”

“ನಮ್ಮ ತಾತಂದಿರು,” ಎಂದ ಕೈಸೋ.

ಚಾಕಬ್ಬೆ ಹುಲ್ಲಿನ ಹೊರೆ ಕೆಳಗಿಟ್ಟಳು. ಅವನು ಬಿಕ್ಕುತ್ತ ಎಲ್ಲವನ್ನೂ ಹೇಳುವವರೆಗೆ ತಾಳ್ಮೆಯಿಂದ ಕೇಳಿದಳು. “ಏಳೂ ಜನಾನಾ?”

“ಏಳೂ ಜನ.”

“ನಮ್ಮ ಅತ್ತೆ ಮನೇಲಿ ಅಣ್ಣತಮ್ಮಂದಿರು ಮೂರು ಜನ. ಒಂದು ದಿನಾನೂ ಹಿಂಗೆ ಒಗ್ಗಟ್ಟಾಗಿ ಇರ್ಲಿಲ್ಲ ಕಣಪ್ಪ,” ಎಂದಳು ಚಾಕಬ್ಬೆ. ಆಮೇಲೆ ದನಿ ತಗ್ಗಿಸಿ, “ನಿಮ್ಮಪ್ಪಂಗೆ ಗೊತ್ತಾ?” ಎಂದು ಕೇಳಿದಳು.

ಗೊತ್ತಿರಲಿಲ್ಲ. ಗೊತ್ತು ಮಾಡುವಂತೆಯೂ ಇರಲಿಲ್ಲ. ನಾರುಬೇರಿನ ವೈದ್ಯ ಅದೇ ಬೆಳಗ್ಗೆ ಮುದುಕನ ನಾಡಿ ಹಿಡಿದು, ಜ್ವರ ಇಳಿಯುತ್ತದೆ, ಆದರೆ ಎದೆ ಹಳೆಯ ಗಡಿಗೆಯಂತಿದೆ, ಒಂದು ಕೆಟ್ಟ ಸುದ್ದಿ ತಾಗಿದರೂ ಒಡೆಯುತ್ತದೆ ಎಂದು ಹೇಳಿಹೋಗಿದ್ದ. ಅಷ್ಟೇ ಆಗಿದ್ದರೆ ಪೆಟ್ಟಿಗೆಯನ್ನು ಮುಚ್ಚಿಟ್ಟು ದಿನ ತಳ್ಳಬಹುದಿತ್ತು. ಆದರೆ ಸಂಜೆ ಕಣ್ಣು ಬಿಟ್ಟ ಮುದುಕ ಮಗನ ಕೈಹಿಡಿದು, “ಬರೋ ಹುಣ್ಣಿಮೆ ನಮ್ಮಪ್ಪ ತೀರಿದ ದಿನ. ಆ ಬೆಳಗ್ಗೆ ಪೆಟ್ಟಿಗೆ ತೆಗೆದು ಎಲ್ಲರನ್ನೂ ನನ್ನ ಮುಂದೆ ಇಡು. ಅವರನ್ನು ಕಂಡು ಆಮೇಲೆ ಏನಾದರೂ ಆಗಲಿ,” ಎಂದ. ಹುಣ್ಣಿಮೆಗೆ ಹದಿಮೂರು ದಿನ ಉಳಿದಿತ್ತು. ಹದಿನಾಲ್ಕನೆಯ ದಿನ ತಾನು ತಂದೆಯನ್ನು ಕೊಂದ ಮಗ ಎನಿಸಿಕೊಳ್ಳುತ್ತೇನೆ ಎಂದು ಕೈಸೋ ಲೆಕ್ಕ ಹಾಕಿದ. ಅಂಥ ದೊಡ್ಡ ಮನೆತನದಲ್ಲಿ ಹುಟ್ಟಿಯೂ ಅವನಿಗೆ ಹೊಳೆಯದ ಉಪಾಯ ನಮ್ಮ ಚಾಕಬ್ಬೆಗೆ ಹುಲ್ಲು ಹಾಕುವಷ್ಟರಲ್ಲಿ ಹೊಳೆಯಿತು. ಗ್ರಾಮದೇವತೆಗೆ ಮುಖಗಳನ್ನು ಕೆತ್ತುವ ಮಾಳೋಜ ಅದೇ ಕೇರಿಯಲ್ಲಿದ್ದ. ಸುತ್ತ ಎಪ್ಪತ್ತು ಹಳ್ಳಿಗಳಲ್ಲಿ ಅವನ ಉಳಿಗೆ ಸಮ ಇರಲಿಲ್ಲ. ಅವನು ಕೆತ್ತಿದ ದೇವಿಯ ಮುಖ ಕಂಡು ಎತ್ತು ಬೆದರಿ ಗಾಡಿ ಸಮೇತ ಕೆರೆಗೆ ಇಳಿದದ್ದುಂಟು.

ಮಾಳೋಜ ಮೇಣದ ಗಡ್ಡೆಯನ್ನು ಎರಡು ಸಲ ತಿರುಗಿಸಿ ನೋಡಿದ. “ಮೇಣದ ಕೆಲಸ ನಂಗೆ ಬರಲ್ಲ. ಬಂದ್ರೂ ನಮ್ಮ ಬಿಸಿಲಿಗೆ ಮತ್ತೆ ಹಿಂಗೇ ಆಗ್ತಾರೆ. ಶಿವನೆ ಮರ ಒಣಗಿಸಿಟ್ಟಿರೋದು ಐತೆ, ಕೆತ್ತಿಕೊಡ್ತೀನಿ. ಹೇಳು ಕೈಸಣ್ಣ, ಮೊದಲನೆಯವರ ಮೂಗು ಹೆಂಗಿತ್ತು?”

“ದೊಡ್ಡದು.”

“ಎರಡನೆಯವರದು?”

“ಅದೂ ದೊಡ್ಡದೇ.”

“ಮೂರನೆಯವರದು?”

ಕೈಸೋ ತನ್ನ ಮೂಗನ್ನೇ ಮುಟ್ಟಿ ನೋಡಿಕೊಂಡ.

“ಇಷ್ಟಕ್ಕೆ ನಾನ್ಯಾಕೆ? ಏಳು ಬದನೆಕಾಯಿ ಸಾಲಾಗಿ ಇಡು, ಮುಗೀತು,” ಎಂದ ಮಾಳೋಜ. “ಹೋಗ್ಲಿ, ಮೂಗು ಬ್ಯಾಡ. ಆ ಮನುಷ್ಯ ಬದುಕಿದ್ದಾಗ ಏನು ಮಾಡ್ದ, ಅದನ್ನ ಹೇಳು. ಮಾಡಿದ್ದೆಲ್ಲ ಕಡೆಗೆ ಮುಖದ ಮೇಲೆ ಬಂದು ಕೂರ್ತದೆ.”

ಕೈಸೋ ತಲೆ ತಗ್ಗಿಸಿದ. ಅವನಿಗೆ ಅದೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಊಟದ ಹೊತ್ತಿಗೊಮ್ಮೆ, ಮಲಗುವ ಹೊತ್ತಿಗೊಮ್ಮೆ ತಂದೆ ಆ ಏಳು ಜನರ ಕತೆ ಹೇಳುತ್ತಲೇ ಬಂದಿದ್ದ. ಕೈಸೋ ಕಿವಿಯನ್ನು ಅಲ್ಲೇ ಬಿಟ್ಟು ಮನಸ್ಸನ್ನು ಹಡಗುಕಟ್ಟೆಗೆ ಕಳಿಸಿ ಕೂರುವುದನ್ನು ಕಲಿತಿದ್ದ. ಕಣ್ಣೆದುರು ಗೂಡಿನಲ್ಲಿ ಮುಖಗಳಿರುವಾಗ ನೆನಪಿಟ್ಟುಕೊಳ್ಳುವ ದರ್ದು ಯಾರಿಗಿರುತ್ತದೆ? ಈಗ ಉಳಿದಿದ್ದುದು ಒಂದೇ ದಾರಿ. ಅವನು ತಂದೆಯ ಮಂಚದ ಪಕ್ಕ ಹೋಗಿ ಕೂತು, “ಅಪ್ಪ, ಮೊದಲನೇ ತಾತನ ಕತೆ ಹೇಳು,” ಎಂದ.

ಮುದುಕ ಒಂದು ಕಣ್ಣು ಮಾತ್ರ ತೆರೆದ. “ನಾನು ಸಾಯ್ತೀನಿ ಅಂತ ವೈದ್ಯ ಹೇಳಿದನಾ?”

“ಇಲ್ಲವಲ್ಲ.”

“ಮತ್ತೆ ನೀನು ಯಾಕೆ ಕೇಳ್ತಿದ್ದೀಯ?”

ಕೈಸೋ ತಂದೆಯ ಬೆನ್ನಿಗೆ ದಿಂಬು ಸರಿಸಿದ. ಅಷ್ಟರಲ್ಲಿ ಮುದುಕನ ಇನ್ನೊಂದು ಕಣ್ಣೂ ತೆರೆದಿತ್ತು. ದಿಂಬಿಗೆ ಒರಗಿ ಕೂತು, ಗಂಟಲು ಸರಿಮಾಡಿಕೊಂಡು ಶುರುಮಾಡಿದ. ವಂಶದ ಮೂಲಪುರುಷ ಉಪ್ಪು ಹೊರುವವನು. ಕಡಲ ದಂಡೆಯಿಂದ ರೋಮಾಪುರಿಗೆ ತಲೆಯ ಮೇಲೆ ಉಪ್ಪು ಹೊತ್ತು ಹೊತ್ತು ಅವನ ತಲೆ ಬೋಳಾಗಿತ್ತು. ಒಂದು ಮಳೆಗಾಲ ನದಿ ಉಕ್ಕಿ ಪೇಟೆಗೆ ನುಗ್ಗಿದಾಗ, ಉಳಿದವರು ಮನೆಮಾರು ಹಿಡಿದು ಓಡಿದರೆ ಇವನು ಊರಿನ ಉಪ್ಪನ್ನೆಲ್ಲ ಎರಡು ಹಗಲು ಒಂದೊಂದೇ ಮೂಟೆ ಹೊತ್ತು ಬೆಟ್ಟ ಹತ್ತಿಸಿದ. ನೆರೆ ಇಳಿದ ಮೇಲೆ ಇಡೀ ಊರು ಅವನ ಉಪ್ಪು ತಿಂದಿತು, ತಿಂದವರೆಲ್ಲ ಸೇರಿ ಅವನನ್ನು ಸಭೆಗೆ ಕಳಿಸಿದರು. ಇಷ್ಟು ಹೇಳುವಷ್ಟರಲ್ಲಿ ಅಕ್ಕಪಕ್ಕದವರು ಬಾಗಿಲಲ್ಲಿ ಸೇರಿದ್ದರು. ಮಾಳೋಜ ಜಗಲಿಯ ಕಂಬಕ್ಕೆ ಒರಗಿ, ಏನೂ ಅರಿಯದವನಂತೆ ಎಲೆಯಡಿಕೆ ಜಗಿಯುತ್ತ, ಪ್ರತಿ ಮಾತನ್ನೂ ನುಂಗುತ್ತಿದ್ದ. ಅವನು ಎದ್ದು ಮನೆಗೆ ಹೋದ ಸ್ವಲ್ಪ ಹೊತ್ತಿಗೆ ಉಳಿಯ ಸದ್ದು ಕೇಳಿತು.

ಮಾರನೆಯ ದಿನದಿಂದ ಚಾಕಬ್ಬೆಯ ಮನೆ ಊರಿನ ಚಾವಡಿಯಾಯಿತು. ಎರಡನೆಯ ತಾತ ಸಭೆಯಲ್ಲಿ ಮೂರು ದಿನ ಬಿಡದೆ ಮಾತಾಡಿದವನು. ಎದುರು ಪಕ್ಷದವರು ಒಬ್ಬೊಬ್ಬರಾಗಿ ನಿದ್ದೆಹೋದರು, ಎಚ್ಚರವಿದ್ದ ಇವನ ಕಡೆಯವರು ಕೈಯೆತ್ತಿ ಕಟ್ಟಳೆಯನ್ನು ಗೆಲ್ಲಿಸಿಕೊಂಡರು. ಈ ಕತೆಗೆ ಊರವರು ಬಹಳ ತಲೆದೂಗಿದರು, ಯಾಕೆಂದರೆ ನಮ್ಮ ಪಂಚಾಯಿತಿಯಲ್ಲೂ ನ್ಯಾಯ ತೀರುವುದು ಹೆಚ್ಚುಕಡಿಮೆ ಹೀಗೆಯೇ. ಮೂರನೆಯವನು ದಳಪತಿ. ಅವನ ಸೈನ್ಯ ಜೀವಮಾನದಲ್ಲಿ ಮೊದಲ ಸಲ ಆನೆಗಳನ್ನು ಕಂಡಾಗ ಗುಡ್ಡವೇ ನಡೆದು ಬಂತೆಂದು ದಿಕ್ಕಾಪಾಲಾಯಿತು; ಇವನೊಬ್ಬ ಮಾತ್ರ ಕಾಲು ನಡುಗಿದರೂ ನಿಂತ ಜಾಗ ಬಿಡಲಿಲ್ಲ. ಹೇಳುತ್ತ ಮುದುಕನ ಕಣ್ಣಲ್ಲಿ ನೀರು ಬಂತು. ಕೇಳುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಆನೆ ನೋಡಿ ಅಷ್ಟು ಹೆದರಿಕೊಂಡ್ರಾ?” ಎಂದಳು ಚಾಕಬ್ಬೆ. “ನಮ್ಮ ಕಬ್ಬಿಗೆ ಬಂದಿದ್ದಾಗ ನಮ್ಮತ್ತೆ ಮೊರ ಬಡಿದು ಓಡಿಸಿದ್ರು.”

“ಯುದ್ಧದ ಆನೆ ಬೇರೆ, ಗೌಡತಿ,” ಎಂದ ಮುದುಕ, ಮುಖ ಕೆಂಪಾಗಿಸಿಕೊಂಡು.

“ನಮ್ಮತ್ತೆ ಬೇರೇನೇ ಬಿಡಿ ಔಲಜ್ಜ.”

ಮುದುಕ ಅರ್ಧ ದಿನ ಆಕೆಯೊಡನೆ ಮಾತು ಬಿಟ್ಟ. ಆದರೆ ಮಧ್ಯಾಹ್ನದ ಗಂಜಿಯನ್ನು ಎರಡು ಬಟ್ಟಲು ಕುಡಿದ. ಅಲ್ಲಿಯವರೆಗೆ ಕಾಲು ಬಟ್ಟಲೂ ಇಳಿಯುತ್ತಿರಲಿಲ್ಲ. ಮರುದಿನ ಮಂಚದಿಂದ ಎದ್ದು ಜಗಲಿಗೆ ಬಂದು ಕೂತ, ಏಕೆಂದರೆ ನಾಲ್ಕನೆಯ ತಾತ ಹದಿಮೂರು ಹರಿದಾರಿ ದೂರದ ಬೆಟ್ಟದಿಂದ ರೋಮಾಪುರಿಗೆ ನೀರಿನ ಕಾಲುವೆ ತಂದವನು, ಆ ಕಾಲುವೆಯ ಇಳಿಜಾರನ್ನು ಕೈಯಲ್ಲಿ ತೋರಿಸಲು ಒಳಗೆ ಜಾಗ ಸಾಲುತ್ತಿರಲಿಲ್ಲ. ಕೆರೆಯ ತೂಬು ಕಾಯುವವರು ಕೂಡ ಬಂದು ಕೂತು ಪ್ರಶ್ನೆ ಕೇಳಿದರು. ನಡುವೆ ಹಳ್ಳ ಬಂದರೆ ಏನು ಮಾಡಿದ, ಹೂಳು ತೆಗೆಯುವುದು ಯಾರ ಸರದಿ ಎಂದೆಲ್ಲ. ಆ ಒಬ್ಬ ತಾತನಿಗೇ ಮೂರು ದಿನ ಹಿಡಿಯಿತು. ಸ್ವಂತ ತಾಯಿಗೇ ದಂಡ ಹಾಕಿದ ಐದನೆಯ ತಾತ, ನೂರು ನವಿಲು ಸಾಕಿ ಒಂದೊಂದಕ್ಕೂ ಹೆಸರಿಟ್ಟು ಅರ್ಧ ಆಸ್ತಿ ಕಳೆದ ಆರನೆಯ ತಾತ, ಇಬ್ಬರೂ ಒಂದೇ ಮಧ್ಯಾಹ್ನದಲ್ಲಿ ಮುಗಿದರು. ಕಡೆಯವನು ಔಲಸನ ಸ್ವಂತ ತಾತ. ದೊರೆಯ ಮೇಲೆ ಒಂದು ನಗೆಮಾತು ಆಡಿ ಮನೆತನವನ್ನೇ ಕಳೆದವನು. ಆ ಮಾತು ಯಾವುದೆಂದು ಮುದುಕ ಮಾಳೋಜನ ಕಿವಿಯಲ್ಲಿ ಹೇಳಿದ. ಮಾಳೋಜ ಎಲೆಯಡಿಕೆ ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ನಕ್ಕ. ಮಾತು ಇಷ್ಟಕ್ಕೆಲ್ಲ ತಕ್ಕುದೇ ಆಗಿತ್ತು ಎಂದು ಅವನು ಆಮೇಲೆ ಹೇಳಿದನೇ ಹೊರತು, ಯಾರಿಗೂ ಬಾಯಿ ಬಿಡಲಿಲ್ಲ.

ಈ ದಿನಗಳಲ್ಲಿ ಕೈಸೋ ಬೇರೆ ಮನುಷ್ಯನಾದ. ಮೊದಲ ದಿನ ಅವನು ಕೇಳಿದ್ದು ಮಾಳೋಜನಿಗಾಗಿ. ಮೂರನೆಯ ದಿನದಿಂದ ತನಗಾಗಿಯೇ ಕೇಳತೊಡಗಿದ. ಆನೆಯ ಮುಂದೆ ನಿಂತವನ ನಡುಗುವ ಕಾಲು, ಉಪ್ಪು ಹೊತ್ತವನ ಉರಿಯುವ ನೆತ್ತಿ ಅವನಿಗೆ ಈಗ ಕನಸಲ್ಲೂ ಬರುತ್ತಿದ್ದವು. ಅಷ್ಟಕ್ಕಷ್ಟೇ ಹೆದರಿಕೆಯೂ ಬೆಳೆಯಿತು. ಮುದುಕ ದಿನದಿನಕ್ಕೆ ಚೇತರಿಸಿಕೊಳ್ಳುತ್ತಿದ್ದ, ಆದರೆ ಚೇತರಿಸಿಕೊಂಡಷ್ಟೂ ಪೆಟ್ಟಿಗೆಯ ಮಾತು ಹೆಚ್ಚುತ್ತಿತ್ತು. ಹುಣ್ಣಿಮೆಯ ಹಿಂದಿನ ಸಂಜೆ ಕೈಸೋ ಮಾಳೋಜನ ಕೊಟ್ಟಿಗೆಗೆ ಓಡಿದ. ಏಳೂ ಮುಖಗಳು ಗೋಡೆಗೆ ಒರಗಿ ಕೂತಿದ್ದವು. ಕೈಸೋ ಒಂದೊಂದನ್ನೂ ಬಗ್ಗಿ ನೋಡಿದ.

“ಮೀಸೆ ಯಾಕೆ ಇಟ್ಟೆ ಮಾಳೋಜ? ನಮ್ಮ ಹಿರಿಯರಲ್ಲಿ ಒಬ್ಬರಿಗೂ ಮೀಸೆ ಇರಲಿಲ್ಲ. ನಮ್ಮ ದೇಶದಲ್ಲಿ ಎಲ್ಲರೂ ಬೋಳಿಸ್ತಾರೆ.”

“ಇದನ್ನ ನೀನು ಮೊದಲು ಹೇಳಬೇಕಾಗಿತ್ತು.”

“ನೀನು ಮೂಗು ಮಾತ್ರ ಕೇಳಿದೆ.”

“ನೋಡು ಕೈಸಣ್ಣ,” ಎಂದ ಮಾಳೋಜ, ಉಳಿ ಒರೆಸುತ್ತ. “ನಾನು ಮೀಸೆ ಇಲ್ದೆ ಕೆತ್ತಿರೋದು ದೇವಿಯರನ್ನ ಮಾತ್ರ. ಆನೆ ಮುಂದೆ ಎದೆಕೊಟ್ಟು ನಿಂತೋನನ್ನ ನಾನು ಹೆಂಗೆ ಮೀಸೆ ಇಲ್ದೆ ಕಳಿಸ್ಲಿ? ಕೈ ಏಳಲ್ಲ.”

“ಈಗ ತೆಗೆಯೋಕೆ ಆಗಲ್ಲವಾ?”

“ಮೀಸೆ ತೆಗೆದ್ರೆ ಜೊತೆಗೆ ತುಟೀನೂ ಹೋಗ್ತದೆ. ತುಟಿ ಇಲ್ದೋನು ಮೂರು ದಿನ ಹೆಂಗೆ ಮಾತಾಡ್ತಾನೆ?”

ಕೈಸೋ ಮೇಣದ ಗಡ್ಡೆಯನ್ನು ದನದ ಕೊಟ್ಟಿಗೆಯಲ್ಲಿ ಒಂದು ಗಡಿಗೆಗೆ ಹಾಕಿಟ್ಟು, ಪೆಟ್ಟಿಗೆಯಲ್ಲಿ ಏಳೂ ಮುಖಗಳನ್ನು ಜೋಡಿಸಿದ. ಹುಣ್ಣಿಮೆಯ ಬೆಳಗ್ಗೆ, ಸೂರ್ಯ ಆಳೆತ್ತರಕ್ಕೆ ಏರಿದಾಗ, ಮುದುಕ ಮಿಂದು ಬಿಳಿಯ ವಸ್ತ್ರ ಸುತ್ತಿ ಅಂಗಳದ ನಡುವೆ ಕೂತ. ಊರಿಗೆ ಊರೇ ಸುತ್ತ ನಿಂತಿತ್ತು. ವೈದ್ಯನೂ ಬಂದು ಬಾಗಿಲ ಮರೆಯಲ್ಲಿ ಕಷಾಯದ ಬಟ್ಟಲು ಹಿಡಿದು ಕಾದಿದ್ದ. ಕೈಸೋ ಪೆಟ್ಟಿಗೆಯನ್ನು ತಂದೆಯ ಮುಂದಿಟ್ಟು, ಮುಚ್ಚಳ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಮುಚ್ಚಿಕೊಂಡ. ಎಲ್ಲೋ ಒಂದು ಕರು ಕೂಗಿತು. ಕಡೆಗೆ ಕಣ್ಣು ಬಿಟ್ಟಾಗ ಮುದುಕ ಒಂದು ಮುಖವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದ.

“ಇವನು ಆನೆ ಕಂಡವನು,” ಎಂದ. ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡ. “ಇವನು ಉಪ್ಪು ಹೊತ್ತವನು. ನೆತ್ತಿ ನೋಡು, ಒಳಕ್ಕೆ ಹೋಗಿದೆ.” ಹೀಗೆ ಒಂದೊಂದನ್ನೇ ಎತ್ತಿ, ಯಾರೂ ಹೇಳಿಕೊಡದೆ, ಏಳು ಜನರನ್ನೂ ಗುರುತು ಹಿಡಿದ. ತಾಯಿಗೆ ದಂಡ ಹಾಕಿದವನ ಮುಖ ಕಂಡು ಸ್ವಲ್ಪ ಹಿಂದೆ ಸರಿದ. ನಗೆಮಾತಿನವನನ್ನು ಮಡಿಲಲ್ಲಿ ಇಟ್ಟುಕೊಂಡ. ಆಮೇಲೆ ಮಗನ ಕಡೆ ತಿರುಗಿ, “ಮೇಣ ಎಲ್ಲಿ?” ಎಂದು ಕೇಳಿದ.

ಕೈಸೋ ಕೊಟ್ಟಿಗೆಯಿಂದ ಗಡಿಗೆ ತಂದು ಮುಂದಿಟ್ಟ. ಮುದುಕ ಗಡ್ಡೆಯ ಮೇಲಿನ ಒಂಟಿ ಕಿವಿಯನ್ನು ಬೆರಳಲ್ಲಿ ಸವರಿದ.

“ನನಗಾಗ ಆರು ವರ್ಷ,” ಎಂದ. “ದೊರೆಯ ಆಳುಗಳು ಮನೆಗೆ ಬೆಂಕಿ ಇಟ್ಟರು. ಅಂಗಳದ ಹಾಸುಗಲ್ಲಿನ ಮೇಲೆ ನಮ್ಮ ಹಿರಿಯರು ತುಪ್ಪದ ಹಾಗೆ ಹರಿದು ಹೋಗ್ತಿದ್ದದ್ದನ್ನು ನಾನೇ ಕಂಡೆ. ನಮ್ಮಪ್ಪ ಅದನ್ನು ಬೂದಿ ಸಮೇತ ಕೆರೆದು ಮಡಕೆಗೆ ತುಂಬಿದ. ಆಮೇಲೆ ಒಬ್ಬ ಶಿಲ್ಪಿಯನ್ನು ಕರೆಸಿದ. ಅವನು ಹೊರ ಊರಿನವನು, ಇವರಲ್ಲಿ ಒಬ್ಬರ ಮುಖವನ್ನೂ ಕಂಡವನಲ್ಲ. ಅಪ್ಪ ಕತೆ ಹೇಳುತ್ತ ಹೋದ, ಅವನು ಮುಖ ಮಾಡುತ್ತ ಹೋದ. ದಂಡ ಹಾಕಿದ ತಾತನಿಗೆ ಅವನು ಇಟ್ಟದ್ದು ತನ್ನ ಮಾವನ ಬಾಯಿ.”

ಕೈಸೋ ಮೆಲ್ಲನೆ, “ಇಷ್ಟು ವರ್ಷ ಎಲ್ಲರ ಕತೆಯನ್ನೂ ಹೇಳಿದೆ. ಇದನ್ನು ಮಾತ್ರ ಹೇಳಲಿಲ್ಲ,” ಎಂದ.

“ಮಗನಿಗೆ ಹೇಳೋ ಮಾತಾ ಇದು? ನೀನು ನನಗೆ ಹೇಳಿದೆಯಾ?” ಎಂದ ಮುದುಕ. ಆಮೇಲೆ ಮಾಳೋಜನನ್ನು ಹತ್ತಿರ ಕರೆದು, “ಮೀಸೆ ಯಾಕೆ?” ಎಂದು ಕೇಳಿದ. ಮಾಳೋಜ ಕೈಸೋನಿಗೆ ಹೇಳಿದ ಉತ್ತರವನ್ನೇ ಅಳುಕದೆ ಹೇಳಿದ. ಮುದುಕನ ಭುಜ ಅಲುಗಾಡತೊಡಗಿತು. ವೈದ್ಯ ಕಷಾಯ ಹಿಡಿದು ಓಡಿಬಂದ, ನೋಡಿದರೆ ಮುದುಕ ನಗುತ್ತಿದ್ದ. ಊರವರು ನಕ್ಕರು, ಚಾಕಬ್ಬೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕಡೆಗೆ ಕೈಸೋನ ಎದೆಯಲ್ಲಿ ಹದಿಮೂರು ದಿನದಿಂದ ಕಟ್ಟಿಕೊಂಡಿದ್ದುದೂ ಬಿಚ್ಚಿ ಅವನೂ ನಕ್ಕ. ನಗು ನಿಂತ ಮೇಲೆ ಮುದುಕ ಗಡಿಗೆಯನ್ನು ಬಿಸಿಲಿಗೆ ಇಡಿಸಿದ. ಒಲೆ ಬೇಕಾಗಲಿಲ್ಲ, ನಮ್ಮೂರ ಬಿಸಿಲೇ ಸಾಕಿತ್ತು. ಮೇಣ ಕರಗಿ ಹದಕ್ಕೆ ಬಂದಾಗ ಮಗನ ಅಂಗೈ ತುಂಬ ಸುರಿದು, “ನಮ್ಮಪ್ಪ ನೆಲದಿಂದ ಎತ್ತಿದ್ದು ಇದನ್ನೇ. ಹಚ್ಚು,” ಎಂದ. ಕೈಸೋ ಉಪ್ಪು ಹೊತ್ತವನಿಂದ ಶುರುಮಾಡಿ, ಒಬ್ಬೊಬ್ಬರ ಹೆಸರನ್ನೂ ಅವರು ಮಾಡಿದ್ದನ್ನೂ ಬಾಯಿಬಿಟ್ಟು ಹೇಳುತ್ತ, ಏಳು ಮರದ ಮುಖಗಳಿಗೂ ಮೇಣ ಸವರಿದ. ಒಂದೂ ಮಾತು ತಪ್ಪಲಿಲ್ಲ. ಮುದುಕ ಮಧ್ಯೆ ಒಂದು ಸಲವೂ ತಿದ್ದಲಿಲ್ಲ ಎನ್ನುತ್ತಾರೆ. ಅದು ಅವನ ಜೀವಮಾನದಲ್ಲೇ ಮೊದಲು.

ಗಾಡಿಗಳು ಮುಂದೆ ಹೋದವು, ಔಲಜ್ಜ ಹೋಗಲಿಲ್ಲ. ಒಡೆಯುತ್ತದೆ ಎಂದು ವೈದ್ಯ ಹೇಳಿದ್ದ ಎದೆ ಇನ್ನೂ ಒಂಬತ್ತು ವರ್ಷ ಬಾಳಿತು. ಕೈಸೋ ಇಲ್ಲಿಂದಲೇ ಪಚ್ಚೆಕಲ್ಲಿನ ವ್ಯಾಪಾರ ನಡೆಸಿದ, ಊರ ಹೆಣ್ಣನ್ನೇ ಮದುವೆಯಾದ. ಅಂಕಲೆಗಟ್ಟದವರ ಮೂಗು ಸುತ್ತಲಿನ ಹಳ್ಳಿಯವರಿಗಿಂತ ಒಂದು ಕೈ ಮೇಲಾಗಿರುವುದಕ್ಕೆ ಇದೇ ಕಾರಣ. ಒಪ್ಪದವರು ಬಂದು ಅಳೆದು ನೋಡಬಹುದು. ಔಲಜ್ಜನಿಗೆ ಕಡೆಯ ವರ್ಷಗಳಲ್ಲಿ ಇದ್ದುದು ಒಂದೇ ಕೆಲಸ, ತನ್ನ ಸಾವಿನ ಮೆರವಣಿಗೆಯ ಅಭ್ಯಾಸ ಮಾಡಿಸುವುದು. ಬಿಡುವಿದ್ದ ಏಳು ಜನರನ್ನು ಹಿಡಿದು ಮುಖ ತೊಡಿಸಿ ಅಂಗಳದಲ್ಲಿ ನಡೆಸುತ್ತಿದ್ದ. “ನೀನು ಆನೆ ಕಂಡವನು. ಓಡಬೇಡ, ಓಡಬೇಕು ಅನ್ನಿಸಿದವನ ಹಾಗೆ ನಡಿ,” ಎಂದು ಗದರುತ್ತಿದ್ದ. ತಾಯಿಗೆ ದಂಡ ಹಾಕಿದವನ ಮುಖ ಯಾರು ತೊಟ್ಟರೂ ಹೊಂದಲಿಲ್ಲ. ಕಡೆಗೆ ಚಾಕಬ್ಬೆ ತೊಟ್ಟಳು, ಹೇಳಿ ಮಾಡಿಸಿದಂತಿತ್ತು. ಒಂದು ಮಾಘಮಾಸದ ಬೆಳಗ್ಗೆ ಔಲಜ್ಜ ತಣ್ಣಗೆ ಕಣ್ಣು ಮುಚ್ಚಿದಾಗ, ಏಳು ಜನ ಹಿರಿಯರು ಮೀಸೆ ಸಮೇತ ಅವನ ಮುಂದೆ ನಡೆದರು. ಒಬ್ಬ ಉಪ್ಪಿನ ಮೂಟೆ ಹೊತ್ತಿದ್ದ, ಒಬ್ಬ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದ. ಕೈಸೋ ಚಟ್ಟಕ್ಕೆ ಹೆಗಲು ಕೊಟ್ಟು ಅವರನ್ನು ಹಿಂಬಾಲಿಸಿದ. ಪಡುವಣ ಗುಡ್ಡದ ಮೇಲೆ ದಹನವಾಯಿತು. ಮುಖಗಳನ್ನು ಮತ್ತೆ ಕೆಳಗೆ ತರಲು ಯಾರಿಗೂ ಮನಸ್ಸಾಗಲಿಲ್ಲ. ಅಲ್ಲೇ ಮಂಟಪ ಕಟ್ಟಿ ಕೂರಿಸಿದರು. ಅಂದಿನಿಂದ ಅದು ಮೇಣದಜ್ಜರ ಗುಡ್ಡ.

ಇಂದು ಗುಡ್ಡ ಹತ್ತಿ ಬಂದವರು ಕಾಣುವ ಮುಖಗಳು ಮಾಳೋಜ ಕೆತ್ತಿದವಲ್ಲ. ಗೆದ್ದಲಿಗೆ ರೋಮಾಪುರಿಯೂ ಒಂದೇ, ಹರಕು ಚಾವಣಿಯೂ ಒಂದೇ. ಇದುವರೆಗೆ ಅರವತ್ತು ಸಲ ಹೊಸದಾಗಿ ಕೆತ್ತಿಸಿದ್ದಾರೆ. ಪ್ರತಿ ಸಲವೂ ಕೆತ್ತುವವನನ್ನು ಜಗಲಿಯಲ್ಲಿ ಕೂರಿಸಿ, ಹಳೆಯ ಮುಖ ತೋರಿಸದೆ, ಏಳು ಕತೆಯನ್ನೂ ಬಾಯಲ್ಲೇ ಹೇಳುವುದು ಊರಿನ ಕಟ್ಟಳೆ. ಮುಗಿದ ಮೇಲೆ ಹಳೆಯದರ ಮೇಣ ಕೆರೆದು ಹೊಸದಕ್ಕೆ ಸವರುತ್ತಾರೆ, ಸಾಲದಿದ್ದರೆ ಗುಡ್ಡದ ಹೆಜ್ಜೇನಿನಿಂದ ತೆಗೆದು ಸೇರಿಸುತ್ತಾರೆ. ಕಡೆಯ ಸಲ ಕೆತ್ತಿದವನು ಮೂರು ದಿನ ಮಾತಾಡಿದ ತಾತನಿಗೆ ಒಂದು ಕನ್ನಡಕ ಇಟ್ಟಿದ್ದಾನೆ. ಅಷ್ಟು ಹೊತ್ತು ಮಾತಾಡಿದವನು ಬರೆದುಕೊಂಡು ಬಂದದ್ದನ್ನು ಓದಿಯೇ ಮಾತಾಡಿರಬೇಕು, ಆ ವಯಸ್ಸಿಗೆ ಕಣ್ಣು ಕಾಣುವುದುಂಟೇ ಎಂದು ಅವನ ವಾದ. ಊರಿನವರು ಒಂದು ದಿನವೆಲ್ಲ ಚರ್ಚೆ ಮಾಡಿ, ಇರಲಿ ಎಂದು ಬಿಟ್ಟರು. ನೋಡಲು ಬಂದವರು ಆ ಮುಖದ ಮುಂದೆ ನಿಂತು ನಗುತ್ತಾರೆ, ನಗಲಿ. ಮೇಣ ಹಚ್ಚುವ ದಿನ ನಮ್ಮವರು ಆ ಕನ್ನಡಕಕ್ಕೂ ಮರೆಯದೆ ಹಚ್ಚುತ್ತಾರೆ.